ಜೇಬಿನ ಕೊಳವೆಗೆ ರೆಗ್ಯುಲೇಟರ್ ಎಲ್ಲಿ?

ಬಸ್ ಸ್ಟ್ಯಾಂಡಿನ ಎದುರು ಬೀಡಾ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಮೊನ್ನೆ ಸಂಜೆ ನನ್ನನ್ನು ಕೂಗಿ ಕರೆದರು. ಹೆಸರು ಹಾಕಬೇಡಿ ಅಂತ ಮೊದಲೇ ಕೈ ಮುಗಿದಿದ್ದಾರೆ, ಹಾಕುವುದಿಲ್ಲ. ಗಲ್ಲಾಪೆಟ್ಟಿಗೆಯ ಅಡಿಯಿಂದ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಹಿತ್ತಾಳೆ ಕೊಳವೆ ತೆಗೆದು ಮುಂದಿಟ್ಟರು. ಗೇಣುದ್ದಕ್ಕೆ ಸ್ವಲ್ಪ ಕಮ್ಮಿ, ಹೆಬ್ಬೆರಳಿಗಿಂತ ತುಸು ದಪ್ಪ. ತಳದಲ್ಲಿ ಒಂದು ಗುಂಡಿ, ತಲೆಯಲ್ಲಿ ಬಾಯಿಗಿಡುವ ತೂತು. ಅದು ಬಿಟ್ಟರೆ ಒಂದು ದೀಪ ಇಲ್ಲ, ಅಂಕಿ ಇಲ್ಲ, ಸ್ಕ್ರೀನ್ ಇಲ್ಲ.

“ಮಗಳ ಮಗ ಬೆಂಗಳೂರಿಂದ ತಂದಿದ್ದಾನೆ ಕಣಪ್ಪ. ಹೊಗೆ ಸೇದೋದಂತೆ. ಇದರೊಳಗೆ ಬರೀ ಬ್ಯಾಟರಿ ತಾತ, ಕೆಡೋದಕ್ಕೆ ಏನೂ ಇಲ್ಲ ಅಂತಾನೆ. ಹೌದೇನು?”

ಪ್ರಶ್ನೆ ಚಿಕ್ಕದು. ಉತ್ತರ ಹುಡುಕಲಿಕ್ಕೆ ನನಗೆ ಎರಡು ವಾರ ಹಿಡಿಯಿತು. ಹುಡುಗ ಹೇಳಿದ್ದು ಸುಳ್ಳಲ್ಲ. ಅದರೊಳಗೆ ಕೆಡೋದಕ್ಕೆ ನಿಜಕ್ಕೂ ಏನೂ ಇಲ್ಲ. ಆದರೆ ಸ್ವಾಮಿ, ಕೆಟ್ಟಾಗ ತಡೆಯೋದಕ್ಕೂ ಅದರೊಳಗೆ ಏನೂ ಇಲ್ಲ!

ಮುಂದೆ ಹೋಗುವ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಎಲೆಕ್ಟ್ರಾನಿಕ್ ಸಿಗರೇಟು, ಹುಡುಗರ ಬಾಯಲ್ಲಿ ‘ವೇಪ್’, ನಮ್ಮಲ್ಲಿ ನಿಷಿದ್ಧ ಮಾಲು. ಕರ್ನಾಟಕ ಸರ್ಕಾರ 2016ರಲ್ಲೇ ಇದರ ಮಾರಾಟಕ್ಕೆ ತಡೆ ಹಾಕಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಡಿಸೆಂಬರಿನಲ್ಲಿ ಕಾಯಿದೆಯನ್ನೇ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ಬೀಗ. ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಮಾಲು ಒಳಗೆ ಬರುತ್ತಲೇ ಇದೆ ಎಂಬುದೇನೂ ಗುಟ್ಟಾಗಿ ಉಳಿದಿಲ್ಲ. ನನ್ನ ಮುಂದೆ ಪೇಪರಿನಲ್ಲಿ ಸುತ್ತಿಟ್ಟ ಕೊಳವೆಯೇ ಅದಕ್ಕೆ ಸಾಕ್ಷಿ.

ವೇಪ್ ಸೇದುವುದು ಸಿಗರೇಟಿಗಿಂತ ಮೇಲೋ ಕೀಳೋ ಎಂಬ ಜಗಳ ಡಾಕ್ಟರುಗಳದ್ದು. ನಿಕೋಟಿನ್ ಚಟ ಹಿಡಿಸುತ್ತದೆ, ಅಷ್ಟರಲ್ಲಿ ಎಲ್ಲರೂ ಒಂದೇ ಮಾತು. ನಾನು ಇವತ್ತು ಬರೆಯುತ್ತಿರುವುದು ಹೊಗೆಯ ಬಗ್ಗೆ ಅಲ್ಲ, ಕರೆಂಟಿನ ಬಗ್ಗೆ.

ಟಾರ್ಚಿನಿಂದ ಹುಟ್ಟಿದ ಕೂಸು

ಇವತ್ತಿನ ಮಾದರಿಯ ಎಲೆಕ್ಟ್ರಾನಿಕ್ ಸಿಗರೇಟನ್ನು 2003ರಲ್ಲಿ ಕಂಡುಹಿಡಿದವನು ಚೀನಾ ದೇಶದ ಹಾನ್ ಲಿಕ್ ಎಂಬ ಔಷಧ ತಜ್ಞ. ಕೆಲಸದ ರೀತಿ ಸರಳ. ಒಂದು ಬ್ಯಾಟರಿ, ಒಂದು ತಂತಿ ಸುರುಳಿ, ಸುರುಳಿಗೆ ತಾಗಿದಂತೆ ದ್ರಾವಣದಲ್ಲಿ ನೆನೆದ ಹತ್ತಿ. ಕರೆಂಟು ಹರಿದರೆ ಸುರುಳಿ ಕಾಯುತ್ತದೆ, ದ್ರಾವಣ ಆವಿಯಾಗುತ್ತದೆ, ಸೇದುವವನು ಆವಿಯನ್ನು ಎಳೆದುಕೊಳ್ಳುತ್ತಾನೆ. ನಮ್ಮ ಮನೆಗಳಲ್ಲಿ ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಮೆಷಿನ್ನಿನ ಅಣ್ಣತಮ್ಮ ಅಂದುಕೊಳ್ಳಿ.

ಮೊದಲು ಬಂದ ಮಾಲು ಸಿಗರೇಟಿನಷ್ಟೇ ಸಣ್ಣದು, ಬ್ಯಾಟರಿಯೂ ಕಡ್ಡಿಯಷ್ಟು. ಆವಿ ಸಾಲಲಿಲ್ಲ. ಅಮೆರಿಕ, ಇಂಗ್ಲೆಂಡಿನ ಹವ್ಯಾಸಿಗಳು ಟಾರ್ಚಿನ ಕೊಳವೆಯೊಳಗೆ ದೊಡ್ಡ ಸೆಲ್ ಹಾಕಿ, ಮೇಲೆ ಸುರುಳಿ ಕೂರಿಸಿ ಸೇದಲು ಶುರು ಮಾಡಿದರು. ಮಾರ್ಪಾಡು ಮಾಡಿದ್ದು ಎಂಬ ಅರ್ಥದಲ್ಲಿ ಅದಕ್ಕೆ ‘ಮಾಡ್’ ಅಂತ ಹೆಸರು ಬಿತ್ತು. ಅಲ್ಲಿಂದ ಈ ಕಸುಬು ಎರಡು ದಾರಿ ಹಿಡಿಯಿತು. ನಮ್ಮ ವಿಚಾರ ಇರುವುದು ಆ ಎರಡು ದಾರಿಯಲ್ಲೇ.

ಒಂದು, ‘ಮೆಕ್ಯಾನಿಕಲ್ ಮಾಡ್’. ಸೆಲ್, ಗುಂಡಿ, ಸುರುಳಿ, ಅಷ್ಟೇ. ಗುಂಡಿ ಒತ್ತಿದರೆ ಸೆಲ್ಲಿನಲ್ಲಿ ಎಷ್ಟು ಶಕ್ತಿ ಇದೆಯೋ ಅಷ್ಟೂ ನೇರವಾಗಿ ಸುರುಳಿಗೆ ಹೋಗುತ್ತದೆ. ಕೊಳವೆಯ ಲೋಹವೇ ತಂತಿ. ಬೀಡಾ ಅಂಗಡಿಯಲ್ಲಿ ನಾನು ನೋಡಿದ್ದು ಇದನ್ನೇ.

ಇನ್ನೊಂದು, ‘ರೆಗ್ಯುಲೇಟೆಡ್’. ಸೆಲ್ಲಿಗೂ ಸುರುಳಿಗೂ ನಡುವೆ ಒಂದು ಚಿಪ್ಪು ಕೂತಿರುತ್ತದೆ. ಗುಂಡಿ ಒತ್ತಿದ ಕೂಡಲೇ ಅದು ಸುರುಳಿಯ ತಡೆ ಎಷ್ಟಿದೆ ಅಂತ ಅಳೆಯುತ್ತದೆ. ಶಾರ್ಟ್ ಆಗಿದ್ದರೆ ಕರೆಂಟು ಬಿಡುವುದಿಲ್ಲ. ಸೆಲ್ ತೀರಾ ಇಳಿದಿದ್ದರೆ ನಿಲ್ಲಿಸುತ್ತದೆ. ಗುಂಡಿ ಜೇಬಿನಲ್ಲಿ ಒತ್ತಿಕೊಂಡೇ ಇದ್ದರೆ ಹತ್ತು ಸೆಕೆಂಡು ನೋಡಿ ತಾನೇ ಆರಿಸಿಬಿಡುತ್ತದೆ. 40 ವ್ಯಾಟ್ ಅಂತ ಹೇಳಿದರೆ 40 ವ್ಯಾಟೇ ಕೊಡುತ್ತದೆ. ನಮ್ಮ ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್, ಮೀಟರ್ ಬೋರ್ಡಿನ ಫ್ಯೂಸ್, ಟೀವಿಗೆ ಕೂರಿಸುತ್ತಿದ್ದ ಸ್ಟೆಬಿಲೈಸರ್, ಈ ಮೂರನ್ನೂ ಸೇರಿಸಿ ಉಗುರಿನಷ್ಟು ಜಾಗದಲ್ಲಿ ಕೂರಿಸಿದರೆ ಹೇಗೋ ಹಾಗೆ.

ಮೆಕ್ಯಾನಿಕಲ್ ಅಂದರೆ ಈ ಮೂರನ್ನೂ ಕಿತ್ತು ಹಾಕಿ ನೇರ ಲೈನ್ ಎಳೆದ ಹಾಗೆ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಾಮ್ರದ ತಂತಿ ಸುತ್ತಿ ಕೂರಿಸುವ ಗಿರಾಕಿಗಳು ನಮ್ಮಲ್ಲೇನು ಕಮ್ಮಿ ಇದ್ದಾರೆಯೇ? ಆ ಜಾತಿಯ ಬುದ್ಧಿ ಇದು.

ಮೇಸ್ತ್ರಿ ಹೇಳಿಕೊಟ್ಟ ಲೆಕ್ಕ

ನಾನು ಪಿಯುಸಿಯನ್ನು ಅರ್ಧಕ್ಕೇ ಬಿಟ್ಟವನು. ಓಮ್‌ನ ನಿಯಮ ಬೋರ್ಡಿನ ಮೇಲೆ ಬಂದ ದಿನ ಮ್ಯಾಟಿನಿ ಶೋನಲ್ಲಿದ್ದೆ ಅಂತ ಕಾಣುತ್ತೆ. ಹಾಗಾಗಿ ಈ ವಯಸ್ಸಿನಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಮೇಸ್ತ್ರಿಯೊಬ್ಬರ ಮುಂದೆ ಸ್ಟೂಲಿನ ಮೇಲೆ ಕೂತು ಕಲಿಯಬೇಕಾಯಿತು. ಅವರು ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಇಳಿಸುತ್ತಿದ್ದೇನೆ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕೆ?

ಈ ಕೊಳವೆಗಳಲ್ಲಿ ಹೆಚ್ಚಾಗಿ ಹಾಕುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ನಮ್ಮ ಎಷ್ಟೋ ರೀಚಾರ್ಜ್ ಟಾರ್ಚುಗಳಲ್ಲಿ, ಪವರ್ ಬ್ಯಾಂಕುಗಳಲ್ಲಿ, ಹಳೇ ಲ್ಯಾಪ್‌ಟಾಪುಗಳಲ್ಲಿ ಇರುವುದೂ ಇದೇ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್.

ವೋಲ್ಟನ್ನು ಸುರುಳಿಯ ಓಮ್‌ನಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಹರಿಯುತ್ತದೆಂದು ಗೊತ್ತಾಗುತ್ತದೆ. ಸುರುಳಿ ಅರ್ಧ ಓಮ್ ಇದ್ದರೆ 8.4 ಆಂಪಿಯರ್, ಸುಮಾರು 35 ವ್ಯಾಟ್. 0.2 ಓಮ್ ಇದ್ದರೆ 21 ಆಂಪಿಯರ್, 88 ವ್ಯಾಟ್. 0.1 ಓಮ್‌ಗೆ ಇಳಿದರೆ 42 ಆಂಪಿಯರ್, 176 ವ್ಯಾಟ್!

“ಮನೆಯ ಮಿಕ್ಸಿ ಎಳೆಯೋದೇ ಮೂರು ಆಂಪಿಯರ್ ಆಸುಪಾಸು,” ಅಂದರು ಮೇಸ್ತ್ರಿ. “ವೋಲ್ಟೇಜ್ ಬೇರೆ, ಅದಕ್ಕೂ ಇದಕ್ಕೂ ಪೂರ್ತಿ ಹೋಲಿಸೋಕೆ ಆಗಲ್ಲ. ಆದ್ರೆ ತಂತಿ, ಸ್ಪ್ರಿಂಗು, ಸೆಲ್ಲು ಕಾಯೋದು ಆಂಪಿಯರಿಗೇ ಸ್ವಾಮಿ.”

ಈಗ ಸೆಲ್ಲಿನ ಕಡೆ ನೋಡಿ. ಸೆಲ್ ತಾಳಿಕೊಳ್ಳುವ ಆಂಪಿಯರಿಗೆ ಒಂದು ಮಿತಿ ಇದೆ. ಹೆಚ್ಚು ಕರೆಂಟು ಕೊಡಲೆಂದೇ ಮಾಡಿದ ಹೆಸರಾಂತ ಕಂಪನಿಗಳ ಸೆಲ್ಲುಗಳಲ್ಲೂ ಅದು 20, 25 ಆಂಪಿಯರ್ ಮಟ್ಟದ್ದು. ಲ್ಯಾಪ್‌ಟಾಪಿಗೆಂದು ಮಾಡಿದ ಸೆಲ್ಲುಗಳಲ್ಲಿ ಹೆಚ್ಚಿನವಕ್ಕೆ 5ರಿಂದ 10 ಆಂಪಿಯರೇ ಜಾಸ್ತಿ. ಹೊರಗಿನ ಅಳತೆ ಮಾತ್ರ ಎರಡೂ ಒಂದೇ. ಕೊಳವೆಗೆ ಎರಡೂ ಸಲೀಸಾಗಿ ಇಳಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಬದಲಾಯಿಸಿ, ಇಲ್ಲದ ಆಂಪಿಯರ್ ಅಚ್ಚು ಹಾಕಿ ಮಾರುವ ದಂಧೆ ಜಗತ್ತಿನ ಎಲ್ಲ ಕಡೆ ಇದೆ. ಹುಡುಗನ ಕೈಗೆ ಸಿಕ್ಕಿದ್ದು ಯಾವುದು ಅಂತ ಯಾರು ಹೇಳುವವರು?

0.2ಕ್ಕೂ 0.1ಕ್ಕೂ ನಡುವಿನ ಅಂತರ ಎಷ್ಟು ಅಂದುಕೊಂಡಿರಿ? ಸುರುಳಿಯಲ್ಲಿ ಕೆಲವೇ ಸುತ್ತು ತಂತಿ. ಕಾಲು ಸ್ವಲ್ಪ ಬಗ್ಗಿ ಪಕ್ಕದ ಲೋಹಕ್ಕೆ ತಾಗಿದರೆ ತಡೆ ಇನ್ನೂ ಕೆಳಗೆ ಇಳಿಯುತ್ತದೆ. ಚಿಪ್ ಇದ್ದರೆ ಅಲ್ಲೇ ತಡೆದು ಸ್ಕ್ರೀನಿನ ಮೇಲೆ ‘ಶಾರ್ಟ್’ ಅಂತ ತೋರಿಸಿ ಸುಮ್ಮನಾಗುತ್ತದೆ. ಚಿಪ್ ಇಲ್ಲದ ಕಡೆ ಆ ಲೆಕ್ಕವನ್ನು ಸೇದುವವನೇ ಮಾಡಬೇಕು. ಪ್ರತಿ ಸಲ ಸುರುಳಿ ಕಟ್ಟಿದಾಗಲೂ ಮೀಟರ್ ಹಿಡಿದು ಅಳೆಯಬೇಕು, ಸೆಲ್ಲಿನ ಮಿತಿ ಗೊತ್ತಿರಬೇಕು, ಹೊದಿಕೆ ಹರಿದಿದೆಯೇ ನೋಡಬೇಕು, ಎಷ್ಟು ಇಳಿದಾಗ ನಿಲ್ಲಿಸಬೇಕು ಎಂಬುದನ್ನು ಅಂದಾಜು ಮಾಡಬೇಕು. ಅಮೆರಿಕದಲ್ಲಿ ಇದನ್ನು ಶಿಸ್ತಾಗಿ ಮಾಡುವ ಹವ್ಯಾಸಿಗಳು ಇದ್ದಾರೆ, ಇಲ್ಲ ಅನ್ನುವುದಿಲ್ಲ. ದಟ್ಟ ಮೋಡದಂಥ ಹೊಗೆ ಬಿಡುವ ಪಂದ್ಯಗಳೇ ಅಲ್ಲಿ ನಡೆದಿವೆ. ಅವರ ಪಾಲಿಗೆ ಚಿಪ್ಪು ಅಡ್ಡಿ, ಕೊಳವೆ ಸ್ವಾತಂತ್ರ್ಯ. ಆದರೆ ಶಿಸ್ತುಗಾರರ ಕೈಯಿಂದ ಅದು ಫ್ಯಾಷನ್ನಾಗಿ ಯಾರ ಯಾರದೋ ಕೈಗೆ ದಾಟಿತು ನೋಡಿ, ಅಲ್ಲಿಂದ ಶುರುವಾಯಿತು ಅನಾಹುತ.

ಅಮೆರಿಕದ ಎರಡು ಸಾವು

2018ರ ಮೇ ತಿಂಗಳು, ಅಮೆರಿಕದ ಫ್ಲಾರಿಡಾ ರಾಜ್ಯದ ಸೇಂಟ್ ಪೀಟರ್ಸ್‌ಬರ್ಗ್ ಊರು. 38 ವರ್ಷದ ವ್ಯಕ್ತಿಯೊಬ್ಬ ತನ್ನ ಮನೆಯಲ್ಲಿ ಸತ್ತು ಬಿದ್ದಿದ್ದ, ಕೋಣೆಗೆ ಬೆಂಕಿ ಹತ್ತಿತ್ತು. ಮರಣೋತ್ತರ ಪರೀಕ್ಷೆ ಮಾಡಿದವರು ಬರೆದದ್ದು, ತಲೆಗೆ ಹಾರಿಬಂದ ಚೂರಿನ ಗಾಯದಿಂದ ಸಾವು ಅಂತ. ಗುಂಡು ಹೊಡೆದವರು ಯಾರೂ ಇಲ್ಲ. ಸಿಡಿದ ವೇಪ್ ಕೊಳವೆಯ ಚೂರುಗಳು ತಲೆಬುರುಡೆಯೊಳಗೆ ಹೊಕ್ಕಿದ್ದವು. ಅದು ಚಿಪ್ ಇಲ್ಲದ ಮೆಕ್ಯಾನಿಕಲ್ ಮಾದರಿ.

2019ರ ಜನವರಿ, ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್. 24 ವರ್ಷದ ಹುಡುಗ, ಕಾರಿನ ಹತ್ತಿರ ಕೊಳವೆ ಬಾಯಿಗಿಟ್ಟಿದ್ದಾಗ ಅದು ಸಿಡಿದು, ಕತ್ತಿನ ಮುಖ್ಯ ರಕ್ತನಾಳ ಕಡಿಯಿತು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಬ್ಯಾಟರಿ ಸುಟ್ಟರೆ ಕೈ ಸುಡುತ್ತದೆ, ಸರಿ. ತಲೆಬುರುಡೆ ಹೇಗೆ ಒಡೆಯುತ್ತದೆ? ಮೇಸ್ತ್ರಿಗೂ ಮೊದಲು ನಂಬಿಕೆ ಬರಲಿಲ್ಲ. ಕಾರಣ ಕೊಳವೆಯ ಆಕಾರ. ಮಿತಿ ಮೀರಿ ಕಾದ ಲಿಥಿಯಂ ಸೆಲ್ಲಿನೊಳಗೆ ಪದರಗಳ ನಡುವಿನ ತೆಳು ಹಾಳೆ ಕರಗುತ್ತದೆ, ಒಳಗೇ ಶಾರ್ಟ್ ಆಗುತ್ತದೆ, ಅದರಿಂದ ಇನ್ನಷ್ಟು ಕಾವು, ಕಾವಿನಿಂದ ಅನಿಲ. ಆ ಅನಿಲ ಹೊರಗೆ ಹೋಗಲು ದಾರಿ ಬೇಕು. ಎರಡೂ ಕಡೆ ತಿರುಗಿಸಿ ಬಿಗಿದ ಲೋಹದ ಕೊಳವೆ, ಅದರಲ್ಲಿ ಸಾಕಷ್ಟು ತೂತು ಇಲ್ಲದಿದ್ದರೆ, ದೀಪಾವಳಿಯ ಪಟಾಕಿಗೂ ಅದಕ್ಕೂ ಏನು ವ್ಯತ್ಯಾಸ? ಒಂದು ತುದಿ ಕಿತ್ತುಕೊಂಡು ಹಾರುತ್ತದೆ. ಆ ತುದಿ ಬಾಯಿಯ ಕಡೆಗೇ ಇರುತ್ತದೆ ಎಂಬುದು ಇದರ ದುರದೃಷ್ಟ. ಅಮೆರಿಕದ ಅಗ್ನಿಶಾಮಕ ಆಡಳಿತ ತನ್ನ ವರದಿಯಲ್ಲಿ ಇದನ್ನು ಉರಿಯುವ ರಾಕೆಟ್ಟಿಗೆ ಹೋಲಿಸಿದೆ.

ಅದೇ ಇಲಾಖೆ 2017ರ ಜುಲೈನಲ್ಲಿ ಒಂದು ಲೆಕ್ಕ ಹೊರಗೆ ಹಾಕಿತು. 2009ರಿಂದ 2016ರವರೆಗೆ ಪತ್ರಿಕೆಗಳಲ್ಲಿ ಬಂದ ವೇಪ್ ಬೆಂಕಿ ಮತ್ತು ಸ್ಫೋಟ 195. ಗಾಯಗೊಂಡವರು 133 ಮಂದಿ, ಅದರಲ್ಲಿ 38 ಜನರ ಗಾಯ ಗಂಭೀರ. ಜೇಬಿನಲ್ಲಿದ್ದಾಗ ಆದದ್ದು 61, ಸೇದುತ್ತಿದ್ದಾಗ 60, ಚಾರ್ಜಿಗೆ ಹಾಕಿದ್ದಾಗ 48. ಪತ್ರಿಕೆಗೆ ಬಾರದ್ದು ಎಷ್ಟೋ. ಆಮೇಲೆ ಸಂಶೋಧಕರು ಆಸ್ಪತ್ರೆಗಳ ತುರ್ತು ವಿಭಾಗದ ದಾಖಲೆಯಿಂದ ಅಂದಾಜು ಮಾಡಿದಾಗ 2015ರಿಂದ 2017ರ ಮೂರೇ ವರ್ಷದಲ್ಲಿ ಅಮೆರಿಕದಲ್ಲಿ 2,035 ಗಾಯದ ಪ್ರಕರಣ ಅಂತ ಬಂತು. ಕೋಟಿಗಟ್ಟಲೆ ಜನ ಎಲೆಕ್ಟ್ರಾನಿಕ್ ಸಿಗರೇಟು ಮುಟ್ಟಿದ ದೇಶದಲ್ಲಿ ಇದು ದೊಡ್ಡ ಸಂಖ್ಯೆ ಅಲ್ಲ ಅನ್ನುವವರಿದ್ದಾರೆ. ತೊಡೆ ಸುಟ್ಟವನನ್ನು ಕೇಳಬೇಕು.

ಜೇಬಿನ ಆ 61ರ ಮುಂದೆ ಒಂದು ನಿಮಿಷ ನಿಲ್ಲಿ. ನಮ್ಮ ಬಸ್ ಪ್ರಯಾಣಿಕರ ಜೇಬಿನಲ್ಲಿ ಏನಿರುತ್ತೆ? ಚಿಲ್ಲರೆ, ಬೀಗದ ಕೈ. ಬಿಡಿ ಸೆಲ್ಲೊಂದು ಅವುಗಳ ಜೊತೆ ಬಿದ್ದರೆ ನಾಣ್ಯ ಎರಡು ತುದಿಗೂ ಸೇತುವೆ ಕಟ್ಟುತ್ತದೆ, ಶಾರ್ಟ್ ಆಗುತ್ತದೆ. ಅಲ್ಲಿ ಚಿಪ್ಪಿನ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಚಿಪ್ಪು ಇರುವುದು ಮನೆಯಲ್ಲಿ ಬಿಟ್ಟುಬಂದ ಯಂತ್ರದೊಳಗೆ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2021ರಲ್ಲಿ ಬಿಡಿ 18650 ಸೆಲ್ ಕೊಳ್ಳಲೇಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಈ ಸೆಲ್ಲುಗಳು ರಕ್ಷಣಾ ಸರ್ಕಿಟ್ ಇರುವ ಪ್ಯಾಕಿನೊಳಗೆ ಕೂರಲು ಮಾಡಿದವು, ಬಿಡಿಯಾಗಿ ಗಿರಾಕಿಯ ಕೈಗೆ ಕೊಡಲು ಮಾಡಿದವಲ್ಲ. ಟಾರ್ಚಿಗೆಂದು ಬಿಡಿ ಸೆಲ್ ಮಾರುವ ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳಿಗೂ ಈ ಮಾತು ಸಲ್ಲುತ್ತದೆ.

ಚಿಪ್ ಇದ್ದರೆ ದೇವರು ಕಾಪಾಡಿದಂತೆಯೇ?

ಇಲ್ಲಿಯವರೆಗೆ ಓದಿದವರು, ಹಾಗಾದರೆ ರೆಗ್ಯುಲೇಟರ್ ಇರುವುದು ಒಳ್ಳೆಯದು, ಇಲ್ಲದ್ದು ಕೆಟ್ಟದ್ದು, ಮುಗೀತಲ್ಲ ಅಂತ ಪೇಪರ್ ಮಡಿಸಬೇಡಿ. ಮೇಸ್ತ್ರಿ ಇಲ್ಲೇ ನನ್ನನ್ನು ಹಿಡಿದು ಕೂರಿಸಿದ್ದು.

“ಹಳೇ ಗುಂಡು ಬಲ್ಬು ನೋಡಿದ್ದೀರಲ್ಲ? ವೋಲ್ಟೇಜ್ ಇಳಿದ್ರೆ ಬೆಳಕೂ ಇಳಿಯುತ್ತೆ, ಆಂಪಿಯರೂ ಇಳಿಯುತ್ತೆ. ಅದೇ ಪಂಪ್‌ಸೆಟ್ಟು? ಲೋ ವೋಲ್ಟೇಜಿನಲ್ಲಿ ನೀರೆತ್ತೋ ಹಠಕ್ಕೆ ಜಾಸ್ತಿ ಆಂಪಿಯರ್ ಎಳೆಯುತ್ತೆ. ಅದಕ್ಕೇ ವೈಂಡಿಂಗ್ ಸುಡೋದು. ಅದಕ್ಕೇ ನಮ್ಮ ಹೊಟ್ಟೆ ತುಂಬೋದು.”

ಎಷ್ಟು ಚೆನ್ನಾದ ಮಾತು! ಚಿಪ್ ಇಲ್ಲದ ಕೊಳವೆ ಬಲ್ಬಿನ ಜಾತಿ. 0.2 ಓಮ್ ಸುರುಳಿ, ಸೆಲ್ ತುಂಬಿದ್ದಾಗ 21 ಆಂಪಿಯರ್. ಸೆಲ್ 3.2 ವೋಲ್ಟಿಗೆ ಇಳಿದಾಗ 16 ಆಂಪಿಯರ್. ಹೊಗೆ ಕಮ್ಮಿಯಾಗುತ್ತದೆ, ಸೇದುವವನಿಗೇ ತಿಳಿಯುತ್ತದೆ.

ಚಿಪ್ ಇರುವ ಯಂತ್ರ ಪಂಪ್‌ಸೆಟ್ಟಿನ ಜಾತಿ. 80 ವ್ಯಾಟ್ ಅಂತ ಅಂಕಿ ಇಟ್ಟರೆ ಕೊನೆಯವರೆಗೂ 80 ವ್ಯಾಟ್ ಕೊಡುವ ಹಠ ಅದಕ್ಕೆ. ಚಿಪ್ಪೇ ನುಂಗುವ ಹತ್ತು ಪರ್ಸೆಂಟ್ ಸೇರಿಸಿದರೆ ಒಂದೇ ಸೆಲ್ಲಿನ ಯಂತ್ರ, ಸೆಲ್ ತುಂಬಿದ್ದಾಗ ಎಳೆಯುವುದು 21 ಆಂಪಿಯರ್. ಅದೇ ಸೆಲ್ 3.2 ವೋಲ್ಟಿಗೆ ಇಳಿದಾಗ? ಸುಮಾರು 28 ಆಂಪಿಯರ್. ಅಂದರೆ ಸೆಲ್ ಸುಸ್ತಾದಷ್ಟೂ ಅದರ ಮೇಲೆ ಭಾರ ಜಾಸ್ತಿ. ಹೊಗೆ ಮೊದಲಿನಷ್ಟೇ ಬರುತ್ತಿರುವುದರಿಂದ ಸೇದುವವನಿಗೆ ಒಳಗಿನ ಸಂಕಟ ಗೊತ್ತಾಗುವುದಿಲ್ಲ. ಚಿಪ್ಪು ಸುರುಳಿಯನ್ನು ಅಳೆಯುತ್ತದೆ, ಸೆಲ್ಲಿನ ವೋಲ್ಟ್ ನೋಡುತ್ತದೆ. ಒಳಗೆ ಕೂತ ಸೆಲ್ಲು 25 ಆಂಪಿಯರಿನದೋ, ಹೊದಿಕೆ ಬದಲಾಯಿಸಿದ 8 ಆಂಪಿಯರಿನದೋ, ಅದಕ್ಕೆ ಹೇಗೆ ಗೊತ್ತಾಗಬೇಕು?

ಜೊತೆಗೆ, ಚಿಪ್ಪಿನಲ್ಲೂ ಅಸಲಿ ನಕಲಿ ಇದೆ. ಒಂದು ಒಳ್ಳೆಯ ಚಿಪ್ಪು ಸುರುಳಿಯ ಕಾವನ್ನೂ ಅಳೆಯುತ್ತದೆ. ನಿಕ್ಕಲ್, ಟೈಟಾನಿಯಂ ತಂತಿ ಕಾದಷ್ಟೂ ಅದರ ತಡೆ ಏರುತ್ತದೆ, ಆ ಏರಿಕೆಯಿಂದಲೇ ಕಾವು ಎಷ್ಟೆಂದು ಲೆಕ್ಕ ಹಾಕಿ ಕರೆಂಟು ತಗ್ಗಿಸುತ್ತದೆ. ಅಗ್ಗದ ಡಬ್ಬಿಯಲ್ಲಿ ಹೊರಗೆ ಅಂಕಿ ಮಿನುಗುತ್ತದೆ, ಒಳಗೆ ಗುಂಡಿ ಸಿಕ್ಕಿಕೊಂಡರೆ ಆರಿಸುವ ಏರ್ಪಾಡೂ ನೆಟ್ಟಗಿರುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ ಹೀಗೆ: ಚಿಪ್ ಇರುವುದು ಇಲ್ಲದ್ದಕ್ಕಿಂತ ಖಂಡಿತ ಮೇಲು, ಆದರೆ ಅದರ ಮೇಲೆ ಮುದ್ರೆ ಒತ್ತಿದವರು ಯಾರು ಎಂಬುದು ಗೊತ್ತಿಲ್ಲದಿದ್ದರೆ ಆ ಮೇಲ್ಮೆಗೆ ಅರ್ಧ ಬೆಲೆ.

ಇನ್ನೊಂದು ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಕರೆಂಟು ಹೆಚ್ಚಾದರೆ ಸಿಡಿಯುವ ಭಯ ಮಾತ್ರ ಅಲ್ಲ, ಒಳಗೆ ಹೋಗುವ ಆವಿಯೂ ಬದಲಾಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಬಂಧಿ ವಿಷ 5 ವೋಲ್ಟಿನಲ್ಲಿ ಕಂಡಿತು. ಹೆಣ ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್ ಇದೆಯಲ್ಲ, ಅದರ ಮೂಲವಸ್ತು ಇದು. ಆ ಮಟ್ಟದಲ್ಲಿ ಹತ್ತಿ ಸುಟ್ಟ ಕಮಟು ಬರುತ್ತೆ, ಯಾವ ಮನುಷ್ಯನೂ ಸೇದಲಾರ ಅಂತ ಗ್ರೀಸ್ ದೇಶದ ಡಾಕ್ಟರರೊಬ್ಬರು ಎದುರು ವಾದ ಹೂಡಿದರು. ಇಬ್ಬರೂ ಒಪ್ಪುವ ಮಾತು ಒಂದಿದೆ: ಒಗ್ಗರಣೆ ಸೀಯುವುದೂ ಸೀಯದಿರುವುದೂ ಉರಿಯ ಮೇಲೆ ನಿಂತಿದೆ.

ಅಲ್ಲಿ ಕಾನೂನು, ಇಲ್ಲಿ ಬೀಗ

ಮಾರಾಟಕ್ಕೆ ಬಿಟ್ಟ ದೇಶಗಳು ಏನು ಮಾಡಿದವು? ಯುರೋಪಿನ ಒಕ್ಕೂಟ 2014ರಲ್ಲಿ ಮಾಡಿದ ತಂಬಾಕು ನಿರ್ದೇಶನ 2016ರ ಮೇ 20ರಿಂದ ಜಾರಿಗೆ ಬಂತು. ದ್ರಾವಣದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ನಿಕೋಟಿನ್ ದಾಟಬಾರದು, ಟ್ಯಾಂಕು 2 ಮಿಲಿಲೀಟರ್, ಬಾಟಲಿ 10 ಮಿಲಿಲೀಟರ್, ಹೀಗೆ ದ್ರಾವಣಕ್ಕೆ ಕಟ್ಟುನಿಟ್ಟು. ಸಾಧಾರಣ ಬಳಕೆಯಲ್ಲಿ ಪ್ರತಿ ಸಲವೂ ಒಂದೇ ಸಮನಾದ ನಿಕೋಟಿನ್ ಕೊಡಬೇಕು ಎಂಬ ಷರತ್ತೂ ಇದೆ. ಆದರೆ ಇಷ್ಟೇ ವ್ಯಾಟ್ ಅಂತ ಮಿತಿ ಹಾಕಲಿಲ್ಲ. ಸೆಲ್ ಇಳಿದಂತೆ ಹೊಗೆ ಇಳಿಸುವ ಬಲ್ಬಿನ ಜಾತಿಯ ಕೊಳವೆಗೆ ‘ಒಂದೇ ಸಮ’ ಎಂಬ ಮಾತು ಹೇಗೆ ಹೊಂದುತ್ತದೆಯೋ, ಆ ಷರತ್ತು ಬರೆದವರೇ ಹೇಳಬೇಕು.

ಅಮೆರಿಕದಲ್ಲಿ ಆಹಾರ ಮತ್ತು ಔಷಧ ಇಲಾಖೆಗೆ ಇದರ ಮೇಲೆ ಅಧಿಕಾರ ಬಂದದ್ದು 2016ರ ಆಗಸ್ಟ್ 8ರಿಂದ. 2017ರ ಏಪ್ರಿಲಿನಲ್ಲಿ ಬ್ಯಾಟರಿ ಸ್ಫೋಟದ ವಿಷಯಕ್ಕೇ ಅದು ಬಹಿರಂಗ ಸಭೆ ಕರೆಯಿತು. ವೇಪ್‌ನ ಬ್ಯಾಟರಿ ಮತ್ತು ಸರ್ಕಿಟ್ಟಿಗೆ ಅಂತಲೇ ಯುಎಲ್ 8139 ಎಂಬ ಸುರಕ್ಷಾ ಮಾನದಂಡ ಹೊರಬಂತು. ಗುಂಡಿಗೆ ಲಾಕ್ ಇರುವ, ಅನಿಲ ಹೋಗಲು ತೂತು ಇರುವ, ಅತಿ ಚಾರ್ಜ್ ಆಗದಂತೆ ತಡೆಯುವ ಯಂತ್ರವನ್ನೇ ಬಳಸಿ ಅಂತ ಇಲಾಖೆ ಜನರಿಗೆ ಹೇಳುತ್ತಿದೆ. ಇಂಗ್ಲೆಂಡಿನವರು 2025ರ ಜೂನ್ 1ರಿಂದ ಒಂದೇ ಸಲ ಬಳಸಿ ಎಸೆಯುವ ವೇಪ್‌ಗಳನ್ನು ನಿಲ್ಲಿಸಿದ್ದಾರೆ. ಕಸದ ರಾಶಿಯಲ್ಲಿ ಅವುಗಳ ಬ್ಯಾಟರಿ ಹೊತ್ತಿಕೊಳ್ಳುತ್ತಿದ್ದುದೂ ಅಲ್ಲಿನ ದೂರುಗಳಲ್ಲಿ ಒಂದು.

ಇನ್ನು ನಮ್ಮ ಕಥೆ. ನಿಷೇಧ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಶಾಲೆ ಮಕ್ಕಳ ಕೈಗೆ ಹಣ್ಣಿನ ವಾಸನೆಯ ನಿಕೋಟಿನ್ ಬರಬಾರದು ಎಂಬುದು ನನಗೂ ಒಪ್ಪಿಗೆಯೇ. ಆದರೆ ಒಂದು ವಿಚಾರ ಅಧಿಕಾರಿಗಳ ಗಮನಕ್ಕೆ ಬಂದಂತೆ ಕಾಣುತ್ತಿಲ್ಲ. ಕಾನೂನಿನ ಪ್ರಕಾರ ಇಲ್ಲದ ಮಾಲಿಗೆ ಪರೀಕ್ಷೆ ಮಾಡುವವರಿಲ್ಲ, ಮುದ್ರೆ ಒತ್ತುವವರಿಲ್ಲ. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಸಿಡಿದರೆ ಗ್ರಾಹಕರ ಕೋರ್ಟಿಗೆ ಹೋಗುವ ಮುಖವಿಲ್ಲ. ಗಾಯವಾದವನು ಆಸ್ಪತ್ರೆಯಲ್ಲಿ ನಿಜ ಹೇಳುತ್ತಾನೆಯೇ? ಮೊಬೈಲ್ ಸಿಡೀತು ಅಂತ ಬರೆಸುತ್ತಾನೆ. ಅಮೆರಿಕದವರಿಗೆ 195 ಅಂತಲೋ 2,035 ಅಂತಲೋ ಹೇಳಲು ಒಂದು ಸಂಖ್ಯೆಯಾದರೂ ಇದೆ.

ಕಳ್ಳದಾರಿಯಲ್ಲಿ ಬರುವುದು ಹೆಚ್ಚಾಗಿ ಎಸೆಯುವ ಜಾತಿಯವು, ಬಣ್ಣಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು. ಅವಕ್ಕೆ ಗುಂಡಿಯೂ ಇಲ್ಲ, ಉಸಿರು ಎಳೆದರೆ ಒಳಗಿನ ಸೆನ್ಸರ್ ಕರೆಂಟು ಬಿಡುತ್ತದೆ. ಕೆಲವದರಲ್ಲಿ ಚಿಪ್ಪು ಶಕ್ತಿಯನ್ನು ಒಂದೇ ಮಟ್ಟದಲ್ಲಿ ಹಿಡಿಯುತ್ತದೆ, ಕೆಲವದರಲ್ಲಿ ಸೆಲ್ ಕೊಟ್ಟಷ್ಟು ಹೋಗುತ್ತದೆ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳುವ ಗಂಡಸು ಯಾರಿದ್ದಾನೆ?

ಅಂಗಡಿ ಮಾಲೀಕರು ಮಾತ್ರ ಕೌಂಟರಿನ ಅಡಿ ಇಡುವ ಮುಂಚೆ ಇದನ್ನು ಓದಿಕೊಳ್ಳಿ. 2019ರ ಕಾಯಿದೆಯಲ್ಲಿ ಮಾರಾಟಕ್ಕೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟಿದ್ದಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. “ನಂದಲ್ಲ, ಯಾರೋ ಇಟ್ಟುಹೋದರು” ಅನ್ನುವ ಮಾತು ಠಾಣೆಯಲ್ಲಿ ಎಷ್ಟು ಓಡುತ್ತೆ ಅಂತ ನಿಮಗೇ ಗೊತ್ತು.

ಬಸ್ಸಿನವರಿಗೆ ಇಷ್ಟು. ವಿಮಾನದಲ್ಲಿ ಇವನ್ನು ಲಗೇಜಿನೊಳಗೆ ಹಾಕಬಾರದು ಅಂತ 2015ರಲ್ಲೇ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಹೇಳಿತು, ಸರಕಿನ ಗೂಡಿನಲ್ಲಿ ಹೊತ್ತಿಕೊಂಡರೆ ಆರಿಸುವವರಿಲ್ಲ ಅಂತ. ನಮ್ಮ ಸಂಜೆ ಆರರ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕು ಜನ ಒತ್ತಿಕೊಂಡು ಕೂತಿರುತ್ತಾರೆ. ಒಬ್ಬನ ಪ್ಯಾಂಟಿನ ಜೇಬಿನಲ್ಲಿ ಲಾಕ್ ಇಲ್ಲದ ಗುಂಡಿ ಒತ್ತಿಕೊಂಡೇ ಇದ್ದರೆ ಕೊಳವೆ ಕಾಯುವುದು ಅವನೊಬ್ಬನ ತೊಡೆಗಲ್ಲ. ಪವರ್ ಬ್ಯಾಂಕ್ ಊದಿಕೊಂಡಿದ್ದರೆ, ಟಾರ್ಚಿನ ಸೆಲ್ಲಿನ ಹೊದಿಕೆ ಹರಿದಿದ್ದರೆ ಅದಕ್ಕೂ ಇದೇ ಲೆಕ್ಕ. ಲಿಥಿಯಂ ಬೆಂಕಿ ಹತ್ತಿದ ವಸ್ತುವನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ, ಬಸ್ ನಿಲ್ಲಿಸಿ, ದೂರ ಸರಿಯಿರಿ.

ನಿನ್ನೆ ಬೀಡಾ ಅಂಗಡಿಗೆ ಮತ್ತೆ ಹೋಗಿದ್ದೆ, ಮೇಸ್ತ್ರಿಯನ್ನೂ ಕರೆದುಕೊಂಡು. ಅವರು ಕೊಳವೆಯ ತಳ ತಿರುಗಿಸಿ ಸೆಲ್ ಹೊರಗೆ ತೆಗೆದರು. ಹೊದಿಕೆ ಮೇಲ್ತುದಿಯಲ್ಲಿ ಉಗುರಿನಷ್ಟು ಹರಿದಿತ್ತು, ಒಳಗಿನ ಲೋಹ ಕಾಣುತ್ತಿತ್ತು. ಮೀಟರ್ ಇಟ್ಟು ನೋಡಿದರೆ ಸುರುಳಿ 0.13 ಓಮ್. ಬಿಲ್ ಪುಸ್ತಕದ ಹಿಂದೆ ಭಾಗಾಕಾರ ಮಾಡಿ 32 ಅಂತ ಬರೆದು, ಅದರ ಸುತ್ತ ಎರಡು ಸಲ ಗೆರೆ ಎಳೆದರು. ಸೆಲ್ಲಿನ ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬೇರೆ ಇಟ್ಟಿದ್ದಾಯಿತು. ಹಿರಿಯರು ಆ ಚೀಟಿಯನ್ನು ಹರಿದು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡರು. ಮೊಮ್ಮಗ ಭಾನುವಾರದ ಬಸ್ಸಿಗೆ ಬರುತ್ತಾನಂತೆ.